ಕಾಲುವೆ ಕೊನೆಯ ಊರಿಗೊಂದು ಹೆಸರಿನ ಜಾಲ

ಆಗಸ್ಟ್‌ನಲ್ಲಿ ಕೃಷ್ಣೆ ತುಂಬಿ ಬಂದಳೆಂದರೆ ಯಾದಗಿರಿ ಜಿಲ್ಲೆಯ ಹುಣಸಗಿಯಿಂದ ವಡಗೇರಾವರೆಗಿನ ನದಿದಂಡೆಯ ಊರುಗಳಲ್ಲಿ ಬೆಳಗ್ಗೆ ಎದ್ದವರ ಮೊದಲ ಮಾತು ಒಂದೇ: ‘ಬಸವಸಾಗರದಿಂದ ಎಷ್ಟು ಬಿಟ್ಟಾರ್ರೀ?’ ಬಸವಸಾಗರವೆಂದರೆ ನಾರಾಯಣಪುರದ ಜಲಾಶಯ; ಉತ್ತರ ಒಂದು ಸಂಖ್ಯೆ, ಕ್ಯೂಸೆಕ್ ಲೆಕ್ಕದಲ್ಲಿ. ನಾರಾಯಣಪುರದ ಛಾಯಾ ಭಗವತಿ ದೇವಸ್ಥಾನಕ್ಕೆ ನೀರು ನುಗ್ಗುತ್ತದೆಯೇ, ಶಹಾಪುರ–ದೇವದುರ್ಗ ರಸ್ತೆಯ ಕೊಳ್ಳೂರು (ಎಂ) ಸೇತುವೆ ಮೇಲೆ ಬಸ್ಸು ಓಡುತ್ತದೆಯೇ, ನಡುಗಡ್ಡೆಯಲ್ಲಿರುವ ನೀಲಕಂಠರಾಯನಗಡ್ಡಿಯ ಜನ ಏನು ಮಾಡಬೇಕು ಎಂಬುದೆಲ್ಲ ಆ ಸಂಖ್ಯೆಯ ಮೇಲೆ ನಿಂತಿರುತ್ತದೆ. 2019ರ ಆಗಸ್ಟ್‌ನಲ್ಲಿ ಅದು 6 ಲಕ್ಷ ದಾಟಿತ್ತು.

ಐದಾರು ಅಂಕಿಗಳ ಈ ಮಾಹಿತಿ ಮೊಬೈಲಿಗೆ ಬರುವ ದಾರಿ ಮಾತ್ರ ವಿಚಿತ್ರ. ಅಳತೆ ಆಗುವುದು ಜಲಾಶಯದ ಗೇಟಿನ ಬಳಿ. ಅಲ್ಲಿಂದ ಅದು ದೂರದ ಊರಿನ ಯಾವುದೋ ಸರ್ವರ್ ಸೇರಬೇಕು. ಆಮೇಲೆ ಕೇಳಿದವರೆಲ್ಲ ಒಬ್ಬೊಬ್ಬರಾಗಿ ಅದೇ ಸರ್ವರ್‌ನ ಬಾಗಿಲು ತಟ್ಟಬೇಕು. ಹತ್ತು ಸಾವಿರ ಜನ ಕೇಳಿದರೆ ಅದೇ ಅಂಕಿ ಅದೇ ಫೈಬರ್ ತಂತಿಯ ಮೇಲೆ ಹತ್ತು ಸಾವಿರ ಸಲ ಓಡುತ್ತದೆ. ನಡುವೆ ಎಲ್ಲೋ ರಸ್ತೆ ಅಗೆಯುವ ಜೆಸಿಬಿಯ ಹಲ್ಲು ಆ ತಂತಿಗೆ ತಾಗಿತೆನ್ನಿ. ಪಕ್ಕದ ಮನೆಯವನ ಮೊಬೈಲಿನಲ್ಲಿ ಐದು ನಿಮಿಷದ ಹಿಂದೆ ಬಂದು ಕೂತಿರುವ ಅದೇ ಸಂಖ್ಯೆ ನಿಮ್ಮ ಮೊಬೈಲಿಗೆ ಸಿಗುವುದಿಲ್ಲ. ಮಾಹಿತಿ ಹತ್ತು ಗಜ ದೂರದಲ್ಲಿದೆ. ಆದರೆ ಜಾಲಕ್ಕೆ ಅದು ಗೊತ್ತಿಲ್ಲ.

ಗೊತ್ತಾಗದಿರುವುದು ಯಾರದೋ ಅಜಾಗರೂಕತೆಯಿಂದಲ್ಲ. ಇಂಟರ್‌ನೆಟ್ಟನ್ನು ಕಟ್ಟಿದ್ದೇ ಹಾಗೆ. 1969ರಲ್ಲಿ ಅದರ ಪೂರ್ವಜ ಆರ್ಪಾನೆಟ್ ಶುರುವಾದಾಗ ಜಾಲಕ್ಕೆ ಸೇರಿದ ಕಂಪ್ಯೂಟರುಗಳು ಬೆರಳೆಣಿಕೆಯಷ್ಟಿದ್ದವು, ಕೋಣೆ ತುಂಬುವಷ್ಟು ದೊಡ್ಡವಿದ್ದವು. ಇಲ್ಲಿ ಕೂತು ಅಲ್ಲಿನ ಯಂತ್ರವನ್ನು ಬಳಸುವುದು ಹೇಗೆ ಎಂಬುದೇ ಆಗಿನ ಸಮಸ್ಯೆ. ಅದಕ್ಕೆ ತಕ್ಕಂತೆ ಯಂತ್ರಕ್ಕೊಂದು ವಿಳಾಸ, ವಿಳಾಸದಿಂದ ವಿಳಾಸಕ್ಕೆ ಮಾಹಿತಿಯ ಪೊಟ್ಟಣ (ಪ್ಯಾಕೆಟ್). 1983ರ ಜನವರಿ 1ರಂದು ಟಿಸಿಪಿ–ಐಪಿ ಎಂಬ ಸಂವಹನ ನಿಯಮಾವಳಿ ಜಾರಿಗೆ ಬಂದಾಗಲೂ ತಿರುಳು ಅದೇ. ಇಂದು ಸುರಪುರದ ಹುಡುಗನೊಬ್ಬ ಹಾಡು ಕೇಳಲು ಹೊರಟಾಗಲೂ ಅವನ ಫೋನ್ ಮೊದಲು ಹೆಸರಿನಿಂದ ವಿಳಾಸ ಹುಡುಕಿ, ಆ ವಿಳಾಸದ ಯಂತ್ರದ ಜತೆ ಖಾಸಗಿ ಮಾತುಕತೆ ಕುದುರಿಸಿ, ಆಮೇಲೆ ಹಾಡು ತರುತ್ತದೆ. ಹಾಡು ಯಾವ ಯಂತ್ರದಲ್ಲಿದೆ ಎಂಬುದು ಹುಡುಗನಿಗೆ ಬೇಡವೇ ಬೇಡ.

ಈ ತಲೆಕೆಳಗನ್ನು ಸರಿಪಡಿಸಬೇಕೆಂದು ಗಟ್ಟಿಯಾಗಿ ಹೇಳಿದವರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ವ್ಯಾನ್ ಜೇಕಬ್ಸನ್ ಮುಖ್ಯರು. ಅವರ ಮಾತಿಗೆ ತೂಕ ಬಂದದ್ದಕ್ಕೆ ಹಳೆಯದೊಂದು ಕಾರಣವಿದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಕೇವಲ 400 ಗಜದ ಸಂಪರ್ಕದಲ್ಲಿ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ 40 ಬಿಟ್‌ಗೆ ಕುಸಿಯಿತು. ದಟ್ಟಣೆ ಹೆಚ್ಚಿದಷ್ಟೂ ಯಂತ್ರಗಳು ಮತ್ತೆ ಮತ್ತೆ ಪೊಟ್ಟಣ ಕಳಿಸಿ ಇನ್ನಷ್ಟು ದಟ್ಟಣೆ ಮಾಡುತ್ತಿದ್ದವು. ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದ ಮೇಲೆಯೇ ಇವತ್ತಿನ ದಟ್ಟಣೆ ನಿಯಂತ್ರಣ ಬೆಳೆದುನಿಂತಿದೆ. ಇಂಟರ್‌ನೆಟ್ಟನ್ನು ಕುಸಿತದಿಂದ ಎತ್ತಿದ ಅದೇ ಮನುಷ್ಯ 2006ರ ಆಗಸ್ಟ್‌ನಲ್ಲಿ ಗೂಗಲ್ ಕಚೇರಿಯಲ್ಲಿ ನಿಂತು, ಇದರ ಅಡಿಪಾಯವೇ ಈಗಿನ ಬಳಕೆಗೆ ಹೊಂದುವುದಿಲ್ಲ ಎಂದರು. ಆ ವರ್ಷದ ಚಳಿಗಾಲದ ಒಲಿಂಪಿಕ್ಸ್ ವೇಳೆ ದಟ್ಟಣೆಯಿಂದ ನರಳುತ್ತಿದ್ದ ರೂಟರ್ ಒಂದರಲ್ಲಿ ಒಂದೇ ಸ್ಕೀ ಓಟದ ವಿಡಿಯೊದ ಸಾವಿರಾರು ಪ್ರತಿಗಳು ಸಾಲುಗಟ್ಟಿದ್ದ ಪ್ರಸಂಗವನ್ನು ಅವರು ಉದಾಹರಿಸಿದರು. ರೂಟರ್‌ಗೆ ಅವೆಲ್ಲ ಒಂದೇ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಅವರು ಮುಂದಿಟ್ಟ ಯೋಚನೆಗೆ ಈಗ ಮಾಹಿತಿ ಕೇಂದ್ರಿತ ಜಾಲ, ಇನ್ಫರ್ಮೇಶನ್ ಸೆಂಟ್ರಿಕ್ ನೆಟ್‌ವರ್ಕಿಂಗ್, ಚುಟುಕಾಗಿ ಐಸಿಎನ್ ಎಂಬ ಹೆಸರು. ಅದು ಪೂರ್ತಿ ಅವರೊಬ್ಬರದೇ ಅಲ್ಲ. ಸ್ಟ್ಯಾನ್‌ಫರ್ಡ್‌ನ ಟ್ರಯಾಡ್ ಯೋಜನೆ 2000ದ ಸುಮಾರಿಗೇ ಹೆಸರಿನ ಮೇಲೆ ದಾರಿ ಹುಡುಕುವುದನ್ನು ಯತ್ನಿಸಿತ್ತು. ಬರ್ಕ್ಲಿಯವರ ಡೋನಾ 2007ರಲ್ಲಿ ಬಂತು. ಯುರೋಪಿನಲ್ಲೂ ನಾಲ್ಕಾರು ಯೋಜನೆಗಳು ನಡೆದವು. ಜೇಕಬ್ಸನ್ ಮತ್ತು ಸಂಗಡಿಗರು ಅಮೆರಿಕದ ಪಾರ್ಕ್ (ಪಾಲೊ ಆಲ್ಟೊ ರಿಸರ್ಚ್ ಸೆಂಟರ್) ಪ್ರಯೋಗಾಲಯದಿಂದ 2009ರಲ್ಲಿ ಪ್ರಕಟಿಸಿದ ಪ್ರಬಂಧ ಮಾತ್ರ ಎಲ್ಲರ ಕೈಗೂ ಸಿಗುವಂಥ ವಿನ್ಯಾಸ ಕೊಟ್ಟಿತು. 2010ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಮುಂದಿನ ಇಂಟರ್‌ನೆಟ್‌ಗೆಂದು ಹಣ ಕೊಟ್ಟ ನಾಲ್ಕು ಯೋಜನೆಗಳಲ್ಲಿ ಒಂದು ಇದರದೇ ಕುಡಿ: ಎನ್‌ಡಿಎನ್, ಅಂದರೆ ನೇಮ್ಡ್ ಡೇಟಾ ನೆಟ್‌ವರ್ಕಿಂಗ್. ಅದರ ಮುಂದಾಳು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಕ್ಸಿಯಾ ಝಾಂಗ್.

ಈ ಜಾಲದಲ್ಲಿ ಪೊಟ್ಟಣಗಳು ಎರಡೇ ಬಗೆ. ಒಂದು ಕೋರಿಕೆ, ಇನ್ನೊಂದು ದತ್ತಾಂಶ. ಕೋರಿಕೆಯ ಮೇಲೆ ಯಾವ ಯಂತ್ರದ ವಿಳಾಸವೂ ಇರುವುದಿಲ್ಲ, ಕಳಿಸಿದವರ ವಿಳಾಸ ಕೂಡ ಇಲ್ಲ. ಇರುವುದು ಬೇಕಾದ ವಸ್ತುವಿನ ಹೆಸರು ಮಾತ್ರ. ಉದಾಹರಣೆಗೆ ‘/ಕೃಷ್ಣಾ/ಬಸವಸಾಗರ/ಹೊರಹರಿವು/ಆಗಸ್ಟ್-14/ಬೆಳಗ್ಗೆ-6’. ಕೋರಿಕೆ ಹತ್ತಿರದ ರೂಟರ್ ತಲುಪಿದಾಗ ಅದು ಮೊದಲು ತನ್ನ ದಾಸ್ತಾನು ನೋಡುತ್ತದೆ. ಆ ಹೆಸರಿನ ಪ್ರತಿ ಅಲ್ಲೇ ಇದ್ದರೆ ಕೊಟ್ಟು ಕಳಿಸಿತು, ಮುಗಿಯಿತು. ಇಲ್ಲದಿದ್ದರೆ ಎರಡನೆಯ ಪಟ್ಟಿಯತ್ತ ತಿರುಗುತ್ತದೆ. ಇದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂಥದ್ದು. ಯಾವ ಹೆಸರನ್ನು ಯಾವ ದಿಕ್ಕಿನಿಂದ ಕೇಳಿದ್ದಾರೆ, ಇನ್ನೂ ಕೊಟ್ಟಿಲ್ಲ ಎಂಬುದರ ಲೆಕ್ಕ. ಅದೇ ಹೆಸರನ್ನು ಆಗಲೇ ಯಾರೋ ಕೇಳಿದ್ದರೆ ಹೊಸಬನನ್ನೂ ಅದೇ ಸಾಲಿಗೆ ಸೇರಿಸಿ ಸುಮ್ಮನಾಗುತ್ತದೆ, ಎರಡನೇ ಸಲ ಕೋರಿಕೆ ಮುಂದಕ್ಕೆ ಹೋಗುವುದಿಲ್ಲ. ಮೊದಲ ಸಲದ ಕೋರಿಕೆಯಾದರೆ ಮೂರನೆಯ ಪಟ್ಟಿ ನೋಡಿ, ಆ ಹೆಸರಿನ ಮೊದಲ ಭಾಗಕ್ಕೆ ಯಾವ ದಿಕ್ಕು ಎಂದು ತಿಳಿದು ಮುಂದೆ ಸಾಗಿಸುತ್ತದೆ. ದತ್ತಾಂಶ ಬಂದಾಗ ಎರಡನೆಯ ಪಟ್ಟಿಯಲ್ಲಿ ಬರೆದ ದಿಕ್ಕುಗಳಿಗೆಲ್ಲ ಹಂಚಿ, ಸಾಲು ಹೊಡೆದುಹಾಕಿ, ಒಂದು ಪ್ರತಿಯನ್ನು ದಾಸ್ತಾನಿಗೂ ಸೇರಿಸುತ್ತದೆ.

ಅಷ್ಟೇ. ಹತ್ತು ಸಾವಿರ ಜನ ಕೇಳಿದರೂ ಶಹಾಪುರದಾಚೆಗೆ ಹೋಗುವ ಕೋರಿಕೆ ಒಂದೇ, ಬರುವ ಉತ್ತರ ಒಂದೇ.

ಒಂದು ಕೋರಿಕೆಗೆ ಒಂದೇ ದತ್ತಾಂಶ ಎಂಬ ನಿಯಮದಿಂದ ಇನ್ನೊಂದು ಲಾಭ. ಕೇಳದ ಸರಕು ಯಾರ ಮನೆಗೂ ಬರುವುದಿಲ್ಲ. ಇಂದಿನ ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಯಾರ ವಿಳಾಸಕ್ಕೂ ಪೊಟ್ಟಣಗಳ ಮಳೆ ಸುರಿಸಬಹುದು. ಸರ್ವರುಗಳನ್ನು ಮುಳುಗಿಸುವ ದಾಳಿಗಳಿಗೆ ಅದೇ ಮೂಲ. ಹೆಸರಿನ ಜಾಲದಲ್ಲಿ ಆ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ. ಬೇರೊಂದು ಬಾಗಿಲು ತೆರೆಯುತ್ತದೆ ಎನ್ನುವುದು ಮುಂದಿನ ಮಾತು.

ಪುಸ್ತಕದ ಮಾತು ಸಾಕು. ಯಾದಗಿರಿ ಜಿಲ್ಲೆಯ ಹೊಲಗಳ ನಡುವೆಯೇ ಇಂಥ ವಿನ್ಯಾಸಕ್ಕೆ ತಕ್ಕ ವ್ಯವಸ್ಥೆಯೊಂದಿದೆ: ನಾರಾಯಣಪುರ ಎಡದಂಡೆ ಕಾಲುವೆ. 78 ಕಿಲೋಮೀಟರಿನ ಮುಖ್ಯ ಕಾಲುವೆ, ಅದರಿಂದ ಕವಲೊಡೆಯುವ ಶಹಾಪುರ, ಮುಡಬಾಳ, ಇಂಡಿ, ಜೇವರ್ಗಿ ಶಾಖಾ ಕಾಲುವೆಗಳು, ಅವುಗಳ ವಿತರಣಾ ಕಾಲುವೆಗಳು, ಲ್ಯಾಟರಲ್‌ಗಳು, ಕೊನೆಗೆ ಹೊಲಗಾಲುವೆ. 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಇದರ ವಿಸ್ತರಣೆ, ನವೀಕರಣ, ಆಧುನೀಕರಣ ಯೋಜನೆಯನ್ನು ಉದ್ಘಾಟಿಸಿದ್ದು ಕೊಡೇಕಲ್‌ನಲ್ಲಿ. ಅಂದು ಸರ್ಕಾರ ಕೊಟ್ಟ ಲೆಕ್ಕದಂತೆ ಯೋಜನೆಯ ವೆಚ್ಚ ಸುಮಾರು 4,700 ಕೋಟಿ ರೂಪಾಯಿ, ಕಾಲುವೆಯ ಸಾಮರ್ಥ್ಯ 10 ಸಾವಿರ ಕ್ಯೂಸೆಕ್, ನೀರಾವರಿ ಆಗಬೇಕಾದ ಭೂಮಿ 4.5 ಲಕ್ಷ ಹೆಕ್ಟೇರ್. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳ 3 ಲಕ್ಷಕ್ಕೂ ಹೆಚ್ಚು ರೈತರು ಫಲಾನುಭವಿಗಳು. ಕಾಲುವೆಯುದ್ದಕ್ಕೂ ನಾಲ್ಕು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಗೇಟುಗಳು, ಅವನ್ನು ದೂರದಿಂದ ನೋಡಿ ನಡೆಸುವ ಸ್ಕಾಡಾ ವ್ಯವಸ್ಥೆ.

ಗೇಟು ಸ್ವಯಂಚಾಲಿತ ಆಯಿತೆಂದರೆ ಅದು ಬರೀ ಕಬ್ಬಿಣದ ಹಲಗೆಯಾಗಿ ಉಳಿಯುವುದಿಲ್ಲ. ಹರಿವು ಅಳೆಯುತ್ತದೆ, ನೀರಿನ ಮಟ್ಟ ಅಳೆಯುತ್ತದೆ, ಬಿಸಿಲಿನಿಂದ ಬ್ಯಾಟರಿ ತುಂಬಿಕೊಳ್ಳುತ್ತದೆ, ಅಕ್ಕಪಕ್ಕದ ಗೇಟುಗಳ ಜತೆ, ನಿಯಂತ್ರಣ ಕೊಠಡಿಯ ಜತೆ ಮಾತಾಡುತ್ತದೆ. ನಾಲ್ಕು ಸಾವಿರ ಪುಟ್ಟ ಕಂಪ್ಯೂಟರುಗಳು ಮೂರು ಜಿಲ್ಲೆಗಳಲ್ಲಿ ಬಿಸಿಲಿಗೆ ನಿಂತಿವೆ ಎಂದರೆ ಅದು ದೊಡ್ಡ ವಿತರಿತ ವ್ಯವಸ್ಥೆಯೇ. ಬೆಂಗಳೂರಿನ ಹವಾನಿಯಂತ್ರಿತ ಕೋಣೆಯಲ್ಲಿ ಸಾಲಾಗಿ ನಿಂತ ಸರ್ವರುಗಳಿಗಿಂತ ಇದನ್ನು ನಡೆಸುವುದು ಕಷ್ಟ. ಇಲ್ಲಿ ಧೂಳಿದೆ, ಕಳ್ಳರಿದ್ದಾರೆ, ಮೋಡ ಮುಸುಕಿದ ವಾರಗಳಿವೆ.

ಸ್ಕಾಡಾ ವ್ಯವಸ್ಥೆಗಳು ಸಾಮಾನ್ಯವಾಗಿ ನಡೆಯುವುದು ವಿಳಾಸದ ಮೇಲೆ. ಕೇಂದ್ರದ ಕಂಪ್ಯೂಟರ್ ಒಂದೊಂದೇ ಸಾಧನವನ್ನು ಅದರ ಸಂಖ್ಯೆಯಿಂದ ಕರೆದು ‘ನಿನ್ನದೇನು?’ ಎಂದು ಕೇಳುತ್ತದೆ. ಉತ್ತರವೆಲ್ಲ ಕೇಂದ್ರದಲ್ಲಿ ಜಮಾ. ಶಹಾಪುರದ ಎಂಜಿನಿಯರ್ ಮೂರು ಕಿಲೋಮೀಟರ್ ಆಚೆಗಿನ ಗೇಟಿನ ಹರಿವು ತಿಳಿಯಬೇಕಾದರೂ ಕೇಂದ್ರವನ್ನು ಸುತ್ತಿ ಬರಬೇಕು. ಗೇಟಿನ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟು ಹೊಸದು ಕೂರಿಸಿದರೆ ವಿಳಾಸ ಬದಲಾಗಬಹುದು, ಆಗ ಪಟ್ಟಿಗಳನ್ನೆಲ್ಲ ಮತ್ತೆ ತಿದ್ದಬೇಕು.

ಹೆಸರಿನ ಜಾಲದಲ್ಲಿ ಇದನ್ನು ಕಟ್ಟುವುದಾದರೆ ಮೊದಲ ಕೆಲಸ ಹೆಸರಿಡುವುದು. ತಂತಿ, ರೇಡಿಯೊ, ಸರ್ವರ್ ಎಲ್ಲ ಆಮೇಲೆ. ‘/ಎಡದಂಡೆ/ಶಹಾಪುರ-ಶಾಖೆ/ವಿತರಣೆ/ಗೇಟು/ಹರಿವು/ಸಮಯ’ ಎಂಬಂತೆ ಕಾಲುವೆಯ ಕವಲುಗಳನ್ನೇ ಹೆಸರಿನ ಕವಲುಗಳಾಗಿ ಇಡಬಹುದು. ನೀರು ಹರಿಯುವ ಮರದಂಥ ರಚನೆಯೂ ಹೆಸರು ಹರಿಯುವ ರಚನೆಯೂ ಒಂದೇ ಆದುದರಿಂದ ರೂಟರುಗಳ ಪಟ್ಟಿ ಚಿಕ್ಕದಾಗುತ್ತದೆ: ಶಹಾಪುರ ಶಾಖೆಯ ಹೆಸರುಗಳೆಲ್ಲ ಒಂದೇ ದಿಕ್ಕಿಗೆ ಎಂದು ಒಂದು ಸಾಲು ಬರೆದರೆ ಸಾಕು. ಪೆಟ್ಟಿಗೆ ಬದಲಾದರೂ ಗೇಟಿನ ಹೆಸರು ಬದಲಾಗದು. ಆದರೆ ಆಡಳಿತದ ಹೆಸರುಗಳನ್ನು ಒಳಗೆ ತುರುಕಿದರೆ ಕೆಡುಕು. ಉಪವಿಭಾಗ, ವಿಭಾಗ, ತಾಲ್ಲೂಕು ಇವೆಲ್ಲ ಬದಲಾಗುವಂಥವು. ಹುಣಸಗಿ, ವಡಗೇರಾ, ಗುರುಮಠಕಲ್ ಮೊನ್ನೆ ಮೊನ್ನೆ ತಾಲ್ಲೂಕುಗಳಾದವು. ಯಾದಗಿರಿಯೇ ಕಲಬುರಗಿಯಿಂದ ಬೇರೆಯಾಗಿ 2010ರಲ್ಲಿ ಜಿಲ್ಲೆಯಾಯಿತು. ಕಾಲುವೆಯ ಕವಲು ಮಾತ್ರ ಅಲ್ಲೇ ಇದೆ. ವಿನ್ಯಾಸಕಾರರ ಅರ್ಧ ಜಗಳ ಇಂಥದ್ದೇ: ಯಾವುದು ಬದಲಾಗುವುದಿಲ್ಲವೋ ಅದನ್ನು ಹೆಸರಿನ ಮುಂದಕ್ಕೆ ತರುವುದು.

ಎರಡನೆಯದು, ಸಮಯ. ದಾಸ್ತಾನಿನಲ್ಲಿರುವ ಹಾಡು ಹಳತಾದರೂ ಹಾಡೇ. ಕಾಲುವೆಯ ಹರಿವು ಹಾಗಲ್ಲ. ಕಾಲು ಗಂಟೆ ಹಿಂದಿನ ಅಂಕಿಯನ್ನು ಈಗಿನದೆಂದು ನಂಬಿ ಗೇಟು ಎತ್ತಿದರೆ ದಂಡೆ ಒಡೆದೀತು. ಅದಕ್ಕೆ ಎನ್‌ಡಿಎನ್‌ನಲ್ಲಿ ದತ್ತಾಂಶಕ್ಕೆ ತಾಜಾತನದ ಅವಧಿಯನ್ನು ಅಂಟಿಸಬಹುದು. ಕೇಳುವವರು ‘ತಾಜಾ ಮಾತ್ರ ಬೇಕು’ ಎಂದು ಹೇಳಬಹುದು. ಒಮ್ಮೆ ಹೆಸರಿಟ್ಟ ದತ್ತಾಂಶವನ್ನು ತಿದ್ದುವಂತೆಯೂ ಇಲ್ಲ. ಬೆಳಗಿನ 6 ಗಂಟೆಯ ಅಂಕಿಗೆ ಒಂದು ಹೆಸರು, 6.15ರದಕ್ಕೆ ಇನ್ನೊಂದು. ಈ ನಿಯಮ ರೈತನ ಪರ ನಿಲ್ಲುತ್ತದೆ, ಯಾಕೆಂದರೆ ಹೋದ ವಾರ ಕೊನೆ ಭಾಗಕ್ಕೆ ಎಷ್ಟು ನೀರು ಬಂತು ಎಂಬ ದಾಖಲೆಯ ಮೇಲೆ ಯಾರೂ ಆಮೇಲೆ ಸುಲಭವಾಗಿ ಕೈಯಾಡಿಸಲಾಗದು.

ಈ ಕಾಲುವೆ ಸೇರಿರುವ ಕೃಷ್ಣಾ ಮೇಲ್ದಂಡೆ ಯೋಜನೆಯ ಹಳೆಯ ತಂಟೆಯೂ ಇದೇ ತಾನೆ? ಯೋಜನೆ ರೂಪಿಸಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂತು. ನೀರಾವರಿ ಸಲಹಾ ಸಮಿತಿ ಪ್ರತಿ ಹಂಗಾಮಿಗೂ ಚಾಲು–ಬಂದ್ ದಿನಗಳನ್ನು ಗೊತ್ತು ಮಾಡುತ್ತದೆ. ಚಾಲು ದಿನಗಳಲ್ಲೂ ಟೇಲೆಂಡ್ ಹೊಲಗಳಿಗೆ ನೀರು ಮುಟ್ಟಲಿಲ್ಲವೆಂದು ರೈತರು ರಸ್ತೆಗಿಳಿಯುತ್ತಾರೆ. ‘ಮೇಲಿಂದ ಬಿಟ್ಟೇವಿ’ ಎನ್ನುವ ಮಾತಿಗೂ ‘ನಮಗ ಬಂದಿಲ್ಲ’ ಎನ್ನುವ ಮಾತಿಗೂ ನಡುವೆ ಇರುವುದು ಗೇಟಿನಿಂದ ಗೇಟಿಗೆ ಎಷ್ಟು ಹರಿಯಿತೆಂಬ ಅಂಕಿ. ಅದನ್ನು ಅಳೆಯುವ ಯಂತ್ರ ಈಗ ಬಂದಿದೆ. ಅಂಕಿ ರೈತನ ಮೊಬೈಲಿಗೂ ಎಂಜಿನಿಯರ್ ಮೇಜಿಗೂ ಒಂದೇ ಹೆಸರಿನಿಂದ, ಒಂದೇ ಸಹಿಯೊಂದಿಗೆ ಬರುವಂತಾದರೆ ಜಗಳ ನಿಲ್ಲುತ್ತದೆ ಎನ್ನಲಾಗದು, ಆದರೆ ಅದು ಅಂಕಿಯ ಮೇಲೆ ನಡೆಯುತ್ತದೆ.

ಸಹಿ ಎಂದ ಮೇಲೆ ಅದನ್ನೂ ಬಿಡಿಸಬೇಕು. ಐಸಿಎನ್‌ನ ಎಲ್ಲ ಗುಣಗಳಲ್ಲಿ ಹೆಚ್ಚು ಬೆಲೆಯದ್ದು ಇದೇ. ದಾಸ್ತಾನಿನ ಗದ್ದಲದಲ್ಲಿ ಇದರ ಕಡೆ ಗಮನ ಹೋಗುವುದು ಕಡಿಮೆ. ಬ್ಯಾಂಕಿನ ತಾಣ ತೆರೆದಾಗ ಹಲವು ಬ್ರೌಸರುಗಳ ಮೂಲೆಯಲ್ಲಿ ಕಾಣುವ ಬೀಗದ ಚಿತ್ರ ಹೇಳುವುದು ಇಷ್ಟೇ: ನೀವು ಮಾತಾಡುತ್ತಿರುವ ಕೊಳವೆ ಸುರಕ್ಷಿತ, ಆ ತುದಿಯಲ್ಲಿರುವ ಯಂತ್ರ ಅಸಲಿ. ಕೊಳವೆಯಿಂದ ಹೊರಬಂದ ಕಾಗದವನ್ನು ನೀವು ಇನ್ನೊಬ್ಬರಿಗೆ ಕೊಟ್ಟರೆ ಆ ನಂಬಿಕೆ ಜತೆಗೆ ಹೋಗುವುದಿಲ್ಲ. ಹೆಸರಿನ ಜಾಲದಲ್ಲಿ ಪ್ರತಿ ತುಣುಕು ದತ್ತಾಂಶದ ಮೇಲೂ ಅದನ್ನು ಹುಟ್ಟಿಸಿದವರ ಡಿಜಿಟಲ್ ಸಹಿ ಇರುತ್ತದೆ. ಅದು ಯಾವ ರೂಟರಿನಿಂದ ಬಂತು, ಯಾವ ಪಕ್ಕದ ಮನೆಯ ಫೋನಿನಿಂದ ಬಂತು ಎಂಬುದು ಲೆಕ್ಕಕ್ಕಿಲ್ಲ. ಸಹಿ ಸರಿಯಿದ್ದರೆ ಅಂಕಿ ಅಸಲಿ.

ಕರ್ನಾಟಕದವರಿಗೆ ಇದರ ರುಚಿ ಹೊಸತಲ್ಲ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ನಿಲ್ಲಬೇಕಿತ್ತು. ಪಹಣಿಗೆ ಬೆಲೆ ಬರುತ್ತಿದ್ದುದು ಆ ಕಿಂಡಿಯಿಂದ ಬಂತೆಂಬ ಕಾರಣಕ್ಕೆ. ಈಗ ಆನ್‌ಲೈನಿನಲ್ಲಿ ಪಡೆಯುವ ಪಹಣಿ ಡಿಜಿಟಲ್ ಸಹಿ ಹೊತ್ತು ಬರುತ್ತದೆ, ಯಾವ ಅಂಗಡಿಯಲ್ಲಿ ಪ್ರಿಂಟ್ ತೆಗೆದರೂ ನಡೆಯುತ್ತದೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ನಂಬರ್ ಅಂತೂ ಪ್ರತಿ ವಿದ್ಯಾರ್ಥಿಗೂ ಬಾಯಿಪಾಠ. ಸಿಇಟಿ ಅರ್ಜಿಯಲ್ಲಿ ಆ ನಂಬರ್ ಹಾಕಿದರೆ ಸಾಕು, ಪ್ರಮಾಣಪತ್ರ ಯಾವ ಯಂತ್ರದಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ವಸ್ತುವಿಗೇ ಹೆಸರು, ವಸ್ತುವಿನ ಮೇಲೇ ಸಹಿ ಎಂಬ ಯೋಚನೆಯ ಅರ್ಧದಷ್ಟನ್ನು ಕಂದಾಯ ಇಲಾಖೆ ಆಗಲೇ ಮಾಡಿ ಮುಗಿಸಿದೆ. ಉಳಿದರ್ಧ ಬಾಕಿ: ಕೇಂದ್ರದ ಸರ್ವರ್ ಮಲಗಿದರೆ ಆರ್‌ಡಿ ನಂಬರ್ ಬರೀ ನಂಬರ್. ‘ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ’ ಎಂಬ ಮಾತು ಕೇಳದೆ ಈ ಭಾಗದಲ್ಲಿ ಓದು ಮುಗಿಸಿದವರು ಕಡಿಮೆ.

ಕಾಲುವೆಯ ಮಟ್ಟಿಗೆ ಸಹಿಯ ವಿನ್ಯಾಸ ಇನ್ನೂ ಬಿಗಿಯಾಗಬೇಕು. ಓದುವುದು ಒಂದು, ಗೇಟು ಎತ್ತಲು ಆಜ್ಞೆ ಕೊಡುವುದು ಇನ್ನೊಂದು. ಎನ್‌ಡಿಎನ್‌ನಲ್ಲಿ ಆಜ್ಞೆಯನ್ನೂ ಸಹಿ ಮಾಡಿದ ಕೋರಿಕೆಯಾಗಿಯೇ ಕಳಿಸುತ್ತಾರೆ, ಮತ್ತು ಯಾವ ಕೀಲಿ ಯಾವ ಹೆಸರುಗಳ ಮೇಲೆ ಸಹಿ ಮಾಡಬಹುದು ಎಂಬ ನಿಯಮವನ್ನೂ ಹೆಸರುಗಳಲ್ಲೇ ಬರೆಯುತ್ತಾರೆ. ಶಹಾಪುರ ಶಾಖೆಯ ಅಧಿಕಾರಿಯ ಕೀಲಿಯಿಂದ ಇಂಡಿ ಶಾಖೆಯ ಗೇಟು ಅಲುಗದಂತೆ ನಿಯಮವೇ ತಡೆಯುತ್ತದೆ. ಬಿಸಿಲಿನಿಂದ ನಡೆಯುವ ಪುಟ್ಟ ಸಾಧನಕ್ಕೆ ಪ್ರತಿ ಅಂಕಿಗೂ ಸಹಿ ಹಾಕುವುದು ಬ್ಯಾಟರಿಯ ಖರ್ಚು ಎನ್ನುವುದು ನಿಜ. ಹಲವು ಅಂಕಿಗಳನ್ನು ಕಟ್ಟಿ ಒಂದೇ ಸಹಿ ಹಾಕುವುದು, ಹಗುರ ಗೂಢಲಿಪಿ ಬಳಸುವುದು ಮುಂತಾದ ದಾರಿಗಳಿವೆ.

ಇನ್ನೊಂದು ಕಡೆ ಈ ವಿನ್ಯಾಸ ನಿಜವಾಗಿ ತಡವರಿಸುತ್ತದೆ. ಎಲ್ಲವೂ ಕೇಳಿದರೆ ಮಾತ್ರ ಬರುವಂಥದ್ದು. ಕಾಲುವೆ ಒಡೆದಾಗ ಗೇಟು ಕೇಳದೆಯೇ ಕೂಗಬೇಕು. ಸಂಶೋಧಕರು ಇದಕ್ಕೆ ಮೊದಲೇ ಕೋರಿಕೆಯನ್ನು ತೆರೆದಿಟ್ಟು ಕಾಯುವುದು, ಅಥವಾ ಕೋರಿಕೆಯ ರೂಪದಲ್ಲೇ ಗೇಟು ಸುದ್ದಿ ಮುಟ್ಟಿಸುವುದು ಎಂಬ ಉಪಾಯಗಳನ್ನು ಹುಡುಕಿದ್ದಾರೆ. ಎರಡೂ ತೇಪೆಯಂತೆಯೇ ಕಾಣುತ್ತವೆ.

ಜಾಲ ತುಂಡಾದಾಗ ಮಾತ್ರ ಇದರ ಎದುರು ಹಳೆಯದು ನಿಲ್ಲಲಾರದು. ಜಪಾನಿನ 2011ರ ಭೂಕಂಪ, ಸುನಾಮಿಗಳ ಅನುಭವ ಕಣ್ಣಮುಂದಿಟ್ಟುಕೊಂಡು ಯುರೋಪ್ ಮತ್ತು ಜಪಾನಿನ ಸಂಸ್ಥೆಗಳು 2013ರಿಂದ ಗ್ರೀನ್‌ಐಸಿಎನ್ ಎಂಬ ಯೋಜನೆ ನಡೆಸಿದವು. ವಿಪತ್ತಿನಲ್ಲಿ ಐಸಿಎನ್ ಬಳಕೆಯ ಬಗ್ಗೆ 2020ರಲ್ಲಿ ಆರ್‌ಎಫ್‌ಸಿ 8884 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆಯೇ ಹೊರಬಂತು. ಟವರ್ ಬಿದ್ದರೂ ತುಂಡು ತುಂಡಾದ ಜಾಲದೊಳಗೆ ಹೆಸರು ಹಿಡಿದು ಮಾಹಿತಿ ಹುಡುಕಬಹುದು; ಒಬ್ಬನ ಫೋನಿನಲ್ಲಿ ಹೊತ್ತೊಯ್ದ ಪ್ರತಿ ಇನ್ನೊಂದು ಊರಿನಲ್ಲಿ ಹತ್ತು ಜನರಿಗೆ ಸಿಗಬಹುದು; ಸಹಿ ಮೇಲೇ ಇರುವುದರಿಂದ ಸುಳ್ಳು ಸುದ್ದಿ ಬೇರೆ, ಜಿಲ್ಲಾಡಳಿತದ ಎಚ್ಚರಿಕೆ ಬೇರೆ ಎಂದು ಫೋನೇ ಹೇಳಬಹುದು. ನೀಲಕಂಠರಾಯನಗಡ್ಡಿಯಂಥ ಊರಿಗೆ ಪ್ರವಾಹದ ದಿನ ಬೇಕಾದದ್ದು ಇದೇ. 2014ರಲ್ಲಿ ಅಲ್ಲಿನ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದ್ದನ್ನು ಪತ್ರಿಕೆ ಓದುಗರು ಮರೆತಿರಲಾರರು. ಆ ಊರಿಗೆ ಮೊದಲು ಬೇಕಾದದ್ದು ದಾರಿ ಮತ್ತು ಆಸ್ಪತ್ರೆ, ನೆಟ್‌ವರ್ಕ್ ಆಮೇಲಿನದು ಎಂಬ ಮಾತೂ ಇಲ್ಲಿ ಸಲ್ಲುತ್ತದೆ.

ಹಾಗಾದರೆ ಹದಿನೈದಿಪ್ಪತ್ತು ವರ್ಷಗಳಾದರೂ ಈ ಜಾಲ ಯಾಕೆ ಬಂದಿಲ್ಲ?

ಮೊದಲ ಕಾರಣ, ಅದರ ಲಾಭದ ದೊಡ್ಡ ಪಾಲನ್ನು ದುಡ್ಡಿದ್ದವರು ಬೇರೆ ದಾರಿಯಲ್ಲಿ ಪಡೆದುಬಿಟ್ಟರು. 1998ರಲ್ಲಿ ಹುಟ್ಟಿದ ಅಕಮೈ ಕಂಪನಿ ಜನಪ್ರಿಯ ಪುಟಗಳ ಪ್ರತಿಗಳನ್ನು ಬಳಕೆದಾರರ ಹತ್ತಿರದ ಊರುಗಳಲ್ಲಿಡುವುದನ್ನೇ ವ್ಯಾಪಾರ ಮಾಡಿತು. ಗೂಗಲ್, ನೆಟ್‌ಫ್ಲಿಕ್ಸ್ ತಮ್ಮ ದಾಸ್ತಾನು ಪೆಟ್ಟಿಗೆಗಳನ್ನು ಇಂಟರ್‌ನೆಟ್ ಸೇವಾ ಕಂಪನಿಗಳ ಕೋಣೆಯೊಳಗೇ ಇರಿಸಿದವು. ಮೈಲಾಪುರದ ಮೈಲಾರಲಿಂಗೇಶ್ವರ ಜಾತ್ರೆಯಲ್ಲಿ ಸಾವಿರಾರು ಜನ ಒಟ್ಟಿಗೆ ಸೇರಿ ನೆಟ್‌ವರ್ಕ್ ನರಳುವಾಗ ಅವರೆಲ್ಲ ನೋಡುವ ಯೂಟ್ಯೂಬ್ ವಿಡಿಯೊ ಇಂಥ ಪೆಟ್ಟಿಗೆಯಿಂದಲೇ ಬರುತ್ತಿರಬಹುದು. ಆದರೂ ಪ್ರತಿ ಫೋನಿಗೂ ಬೇರೆ ಬೇರೆ ಬೀಗ ಹಾಕಿದ ಪ್ರತಿ, ಟವರಿನ ಬಳಿ ಹಂಚಿಕೊಳ್ಳುವಂತಿಲ್ಲ. ಸಿನಿಮಾಕ್ಕೆ ಹತ್ತಿರದ ಪೆಟ್ಟಿಗೆಯ ಭಾಗ್ಯವಿದೆ, ಯಾಕೆಂದರೆ ದುಡ್ಡು ಕೊಡುವವರಿದ್ದಾರೆ. ಜಲಾಶಯದ ಹೊರಹರಿವಿಗೆ, ಗ್ರಾಮ ಪಂಚಾಯಿತಿಯ ಮಳೆ ಅಳತೆಗೆ ಬಾಡಿಗೆ ಕಟ್ಟುವವರು ಯಾರು?

ಎರಡನೆಯದು, ಹೆಸರುಗಳ ಸಂಖ್ಯೆ. ಇಂದು ಇಡೀ ಜಗತ್ತಿನ ದಾರಿಗಳನ್ನು ಹಿಡಿದಿಡುವ ರೂಟಿಂಗ್ ಪಟ್ಟಿಯಲ್ಲಿ ಹತ್ತು ಲಕ್ಷದ ಆಸುಪಾಸು ಸಾಲುಗಳಿವೆ. ನೋಂದಾಯಿತ ಡೊಮೇನ್ ಹೆಸರುಗಳೇ 35 ಕೋಟಿ ಮೀರಿವೆ. ಹೆಸರಿನ ಮೇಲೆ ದಾರಿ ಹುಡುಕಬೇಕೆಂದರೆ ಇಷ್ಟನ್ನು ಪ್ರತಿ ರೂಟರ್ ಹೊರಬೇಕೇ ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪಿದ ಉತ್ತರ ಇನ್ನೂ ಸಿಕ್ಕಿಲ್ಲ. ಕಾಲುವೆಯಂಥ ಸೀಮಿತ ವ್ಯವಸ್ಥೆಯಲ್ಲಿ ಈ ತೊಡಕು ಏಳುವುದೇ ಇಲ್ಲ, ಅದಕ್ಕೇ ಐಸಿಎನ್ ಬೆಳೆಯುವುದಾದರೆ ಇಂಥ ಕಡೆಯಿಂದಲೇ ಬೆಳೆದೀತು.

ಮೂರನೆಯದು, ಗುಟ್ಟು. ಕೋರಿಕೆಯಲ್ಲಿ ಹೆಸರು ಬಿಚ್ಚಿಟ್ಟಂತಿರುತ್ತದೆ. ಯಾರು ಕೇಳಿದರೆಂಬುದು ಗೊತ್ತಾಗದಿದ್ದರೂ ಏನು ಕೇಳಿದರೆಂಬುದು ದಾರಿಯ ರೂಟರುಗಳಿಗೆಲ್ಲ ಗೊತ್ತು. ಒಂದು ಹೆಸರಿಗೆ ಉತ್ತರ ಥಟ್ಟನೆ ಬಂದರೆ ಓಣಿಯಲ್ಲಿ ಯಾರೋ ಈಗಾಗಲೇ ಅದನ್ನು ಕೇಳಿದ್ದಾರೆಂದು ಊಹಿಸಬಹುದು. ಜತೆಗೆ, ಇಲ್ಲದ ಹೆಸರುಗಳ ಕೋರಿಕೆ ಸುರಿದು ಆ ಉದ್ರಿ ಪಟ್ಟಿಯನ್ನೇ ತುಂಬಿಸಿ ರೂಟರ್ ಉಸಿರುಗಟ್ಟಿಸುವ ಹೊಸ ದಾಳಿಯೂ ಸಾಧ್ಯ. ಮುಚ್ಚಿದ ಬಾಗಿಲಿಗೆ ಬದಲಾಗಿ ತೆರೆದುಕೊಳ್ಳುವ ಬಾಗಿಲು ಎಂದದ್ದು ಇದನ್ನೇ.

ಇದೆಲ್ಲದರ ನಡುವೆ 2013ರಲ್ಲಿ ಬಂದ ಒಂದು ಅಧ್ಯಯನ ಉತ್ಸಾಹಿಗಳ ಮೇಲೆ ತಣ್ಣೀರು ಎರಚಿತು. ಕಂಪ್ಯೂಟರ್ ಜಾಲಗಳ ಸಿಗ್‌ಕಾಮ್ ಸಮ್ಮೇಳನದಲ್ಲಿ ಮಂಡನೆಯಾದ ಆ ಪ್ರಬಂಧ ಹೇಳಿದ್ದು: ಜಾಲದ ಎಲ್ಲ ರೂಟರುಗಳಲ್ಲೂ ದಾಸ್ತಾನು ಇಡುವುದರಿಂದ ಸಿಗುವ ಲಾಭದ ಬಹುಪಾಲು, ತುದಿಯಲ್ಲಿ ಮಾತ್ರ, ಅಂದರೆ ಬಳಕೆದಾರರ ಹತ್ತಿರದ ಹಂತದಲ್ಲಿ ಮಾತ್ರ ಇಟ್ಟರೂ ಸಿಗುತ್ತದೆ. ಇಡೀ ಇಂಟರ್‌ನೆಟ್ ಬದಲಿಸಬೇಕೆನ್ನುವವರಿಗೆ ಇದು ಕಹಿ. ಶಹಾಪುರ, ಸುರಪುರಗಳ ಕಡೆಯಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ದೆಹಲಿ, ಬೆಂಗಳೂರಿನ ದೊಡ್ಡ ರೂಟರುಗಳನ್ನು ಕಿತ್ತುಹಾಕುವ ಹಂಗಿಲ್ಲದೆ, ತಾಲ್ಲೂಕಿಗೊಂದು ಪೆಟ್ಟಿಗೆ, ಹೋಬಳಿಗೊಂದು ಪೆಟ್ಟಿಗೆ ಇಟ್ಟು ಲಾಭದ ಹೆಚ್ಚಿನ ಪಾಲನ್ನು ಕೊನೆ ಭಾಗದವರೇ ಪಡೆಯಬಹುದು.

ಹಾಗೆಂದು ಕೆಲಸ ನಿಂತಿಲ್ಲ. ರೂಟರ್ ತಯಾರಿಸುವ ಸಿಸ್ಕೊ ಕಂಪನಿ 2017ರಲ್ಲಿ ಪಾರ್ಕ್‌ನಿಂದ ಈ ತಂತ್ರಜ್ಞಾನವನ್ನು ಕೊಂಡಿತು. 2019ರಲ್ಲಿ ಇದರ ಒಂದು ರೂಪದ ವಿವರಗಳು ಆರ್‌ಎಫ್‌ಸಿ 8569 ಮತ್ತು 8609 ಆಗಿ ಪ್ರಕಟವಾದವು, ‘ಪ್ರಾಯೋಗಿಕ’ ಎಂಬ ಮುದ್ರೆಯೊಂದಿಗೆ. ಹವಾಮಾನ ಮತ್ತು ಕಣಭೌತ ವಿಜ್ಞಾನಿಗಳು ತಮ್ಮ ಭಾರಿ ದತ್ತಾಂಶ ಹಂಚಿಕೊಳ್ಳಲು ಎನ್‌ಡಿಎನ್ ಪ್ರಯೋಗಿಸಿದ್ದಾರೆ; ಜಿನೀವಾದ ಸರ್ನ್ ಪ್ರಯೋಗಗಳ ದತ್ತಾಂಶ ನೂರೆಪ್ಪತ್ತರಷ್ಟು ಕೇಂದ್ರಗಳಲ್ಲಿ ಹರಡಿರುವುದರಿಂದ ಅವರಿಗೂ ಬೇಕಾದದ್ದು ಕಡತದ ಹೆಸರು, ಕಡತವಿರುವ ಊರಲ್ಲ.

ಹೊಸ ಜಾಲ ಬರಲೆಂದು ಕಾದು ಕೂರದೆ ಕರ್ನಾಟಕದಲ್ಲಿ ಮಾಡಬಹುದಾದ ಕೆಲಸವೊಂದಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳಲ್ಲೆಲ್ಲ ನಿಂತು ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಕೃಷ್ಣಾ ಭಾಗ್ಯ ಜಲ ನಿಗಮದ ಗೇಟುಗಳು ಹರಿವು ಅಳೆಯುತ್ತವೆ. ಈ ಎರಡೂ ಸಂಸ್ಥೆಗಳು ತಮ್ಮ ಅಂಕಿಗಳಿಗೆ ಬದಲಾಗದ, ಎಲ್ಲರಿಗೂ ತಿಳಿದ ಹೆಸರಿಟ್ಟು, ಪ್ರತಿ ಅಂಕಿಗೂ ಸಹಿ ಹಾಕಿ ಪ್ರಕಟಿಸಲಿ. ಜಾಲ ಹಳೆಯದೇ ಇದ್ದರೂ ಸರಿ. ಹೆಸರು ಮತ್ತು ಸಹಿ ಇದ್ದರೆ ದಾಸ್ತಾನು ಯಾರು ಬೇಕಾದರೂ ಮಾಡಿಯಾರು, ರೈತ ಸಂಘದವರೂ ಮಾಡಿಯಾರು. ಇನ್ನು ಎನ್‌ಡಿಎನ್‌ನ ತಂತ್ರಾಂಶ ಮುಕ್ತ, ಬಿಡಿಗಾಸಿನ ಖರ್ಚಿಲ್ಲ, ರಾಸ್ಪ್‌ಬೆರಿ ಪೈನಂಥ ಅಂಗೈಯಗಲದ ಕಂಪ್ಯೂಟರಿನ ಮೇಲೂ ಓಡುತ್ತದೆ. ಸುರಪುರ ತಾಲ್ಲೂಕಿನ ಹಸನಾಪುರದ ವೀರಪ್ಪ ನಿಷ್ಠಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್ ಹುಡುಕುತ್ತಿರುವವರು ಬೆಂಗಳೂರಿನಿಂದ ಸಿದ್ಧ ಪ್ರಾಜೆಕ್ಟ್ ತರಿಸುವ ಬದಲು ಹತ್ತಿರದ ಯಾವುದಾದರೂ ವಿತರಣಾ ಕಾಲುವೆಯ ನಾಲ್ಕು ಗೇಟುಗಳಿಗೆ ಹೆಸರಿಟ್ಟು ನೋಡಲಿ.